ತೊಟ್ಟಿಲಿಗೊಂದು ಸ್ಲೇಟು

ನಾನೂ ನನ್ನ ಹೆಂಡತಿಯೂ ಇಷ್ಟು ವರ್ಷ ಒಬ್ಬರ ಕೆಲಸಕ್ಕೆ ಒಬ್ಬರು ಅಡ್ಡಗಾಲು ಹಾಕಿಕೊಂಡೇ ಸರ್ಕಾರದ ಸಂಬಳ ತಿಂದಿದ್ದೇವೆ ಎಂಬುದು ನನಗೆ ಹೊಳೆದದ್ದು ಈಚೆಗೆ. ಅವಳು ದೇವನೂರಿನ ಆಚೆಯ ಹಳ್ಳಿಗಳಿಗೆ ನರ್ಸಮ್ಮ. ‘ಎರಡು ಸಾಕು’ ಎಂದು ಒಪ್ಪಿಸಿ ಆಪರೇಷನ್ನಿಗೆ ಕಳಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ನಾನು ಅವುಗಳಲ್ಲೇ ಒಂದು ಹಳ್ಳಿಯ ಸರ್ಕಾರಿ ಶಾಲೆಯ ಮೇಷ್ಟ್ರು. ಅವಳ ಕೆಲಸ ಚೆನ್ನಾಗಿ ನಡೆದಷ್ಟೂ ನನ್ನ ಒಂದನೇ ತರಗತಿಯ ಚಾಪೆ ಖಾಲಿಯಾಗುತ್ತ ಬಂತು. ಮಕ್ಕಳು ಹೀಗೇ ಕಡಿಮೆಯಾಗುತ್ತ ಹೋದರೆ ಶಾಲೆ ಮುಚ್ಚಿ ಪಕ್ಕದೂರಿನದಕ್ಕೆ ಸೇರಿಸುತ್ತೇವೆ ಎಂದು ಮೇಲಿನವರು ಹೇಳಿಯೇಬಿಟ್ಟರು.

ಕಾಲ ಹೇಗೆ ತಿರುಗುತ್ತದೆ ನೋಡಿ. ನಾನು ಚಿಕ್ಕವನಿದ್ದಾಗ ಟಿ. ನರಸೀಪುರದ ಗೋಡೆಯೊಂದರ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ, ಅದರ ಕೆಳಗೆ ನಗುವ ಗಂಡ, ಹೆಂಡತಿ, ಎರಡೇ ಮಕ್ಕಳು. ನಾವು ಅರ್ಧ ಡಜನ್. ಆ ಗೋಡೆ ದಾಟುವಾಗ ಅಪ್ಪ ನಮ್ಮನ್ನು ಎರಡು ತಂಡ ಮಾಡಿ, ಒಂದು ತಂಡ ತಮ್ಮದಲ್ಲವೆಂಬ ಹಾಗೆ ಹಿಂದೆ ಬಿಡುತ್ತಿದ್ದರು. ಈಗ ದಕ್ಷಿಣದವರು ಹೆಚ್ಚು ಹೆರಬೇಕು, ಇಲ್ಲದಿದ್ದರೆ ಪಾರ್ಲಿಮೆಂಟಿನಲ್ಲಿ ಸೀಟು ಕಡಿಮೆಯಾಗುತ್ತದೆ ಎಂದು ಪೇಪರಿನಲ್ಲಿ ಬರುತ್ತಿದೆ. ಪಾರ್ಲಿಮೆಂಟು ಹಾಗಿರಲಿ, ನನಗೆ ಚಾಪೆಯ ಚಿಂತೆ.

ಹಾಗಾಗಿ ಊರಿನ ತೊಟ್ಟಿಲ ಶಾಸ್ತ್ರಗಳಿಗೆಲ್ಲ ತಪ್ಪದೆ ಹೋಗತೊಡಗಿದೆ. ಬೇರೆಯವರು ಮುಯ್ಯಿಗೆ ಬಟ್ಟೆ, ಗಿಲಕಿ ತಂದರೆ ನಾನು ಸ್ಲೇಟು, ಬಳಪ ತಂದು ಮಗುವಿನ ಪಕ್ಕ ಇಡುತ್ತಿದ್ದೆ, ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ನಂಜನಗೂಡಿನ ಇಂಗ್ಲಿಷ್ ಶಾಲೆಯ ಹಳದಿ ವ್ಯಾನು ಬರುವುದರೊಳಗೆ ಕೂಸು ನನ್ನದಾಗಬೇಕಲ್ಲ. ಶಾಲೆಯ ಪಕ್ಕದ ಮನೆಯ ಪುಟ್ಟಮ್ಮನ ಎರಡನೆಯ ಮಗುವಿನ ತೊಟ್ಟಿಲಿನ ದಿನ ಉತ್ಸಾಹ ಮಿತಿಮೀರಿ, ಮೂರನೆಯದಕ್ಕೂ ಸ್ಲೇಟು ನನ್ನದೇ ಎಂದುಬಿಟ್ಟೆ.

ಪುಟ್ಟಮ್ಮ ಸ್ಲೇಟನ್ನು ಎತ್ತಿ ಪಕ್ಕಕ್ಕಿಟ್ಟಳು. “ಅಮ್ಮಾರು ಬಂದು ಎಲ್ಡೇ ಸಾಕು ಅಂತಾರೆ, ನೀವು ಇನ್ನೊಂದಿರ್ಲಿ ಅಂತೀರಿ. ಗಂಡ ಎಂಡ್ತಿ ಮೊದ್ಲು ಮನೇಲಿ ಕುಂತು ಒಂದು ಮಾತಿಗೆ ಬನ್ನಿ ಸಾ.”

ಹೆಂಗಸರೆಲ್ಲ ನಕ್ಕರು. ಅವರ ನಡುವೆ ಕೂತಿದ್ದ ನನ್ನ ಹೆಂಡತಿ ಎಲ್ಲರಿಗಿಂತ ಜೋರಾಗಿ ನಕ್ಕದ್ದು ನನಗೆ ಸಿಟ್ಟು ತರಿಸಿತು. ಮನೆಗೆ ಬಂದು, ನಾನು ರಿಟೈರಾಗುವವರೆಗಾದರೂ ನಿನ್ನ ಪ್ರಚಾರ ಸ್ವಲ್ಪ ನಿಧಾನ ಮಾಡು ಎಂದು ಬೇಡಿಕೊಂಡೆ. ನಿಮ್ಮ ಚಾಪೆ ತುಂಬಲಿ ಅಂತ ಊರ ಹೆಂಗಸರು ಬಸಿರಾಗಬೇಕೇ ಎಂದಳು. ಅಷ್ಟಕ್ಕೇ ಬಿಡದೆ, ನಮಗೆ ಒಂದೇ ಸಾಕು, ರಾತ್ರಿ ಎದ್ದು ಹಾಲು ಕಾಯಿಸುವವರು ಯಾರು ಎಂದು ನಮ್ಮ ಮಗು ಹುಟ್ಟಿದಾಗ ರಾಗ ಎಳೆದವರು ನೀವೇ ಅಲ್ಲವೇ ಎಂದೂ ಕೇಳಿದಳು. ನಾನು ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದೆ.

ಮಕ್ಕಳು ಸಾಲಲಿಲ್ಲ, ಶಾಲೆ ಮುಚ್ಚಿತು. ಕೊನೆಯ ಸಲ ಬೀಗ ಹಾಕುವಾಗ ನನಗೆ ನಿಜವಾಗಿಯೂ ಅಳು ಬಂತು. ಉಳಿದ ಮಕ್ಕಳ ಜೊತೆ ನನ್ನನ್ನೂ ಪಕ್ಕದೂರಿಗೆ ಕಳಿಸಿದರು. ಅಲ್ಲಿ ಆಗಲೇ ಬೇಕಾದಷ್ಟು ಮೇಷ್ಟ್ರುಗಳು. ಹೆಡ್‌ಮಾಸ್ಟರು ನನ್ನನ್ನು ‘ಹೆಚ್ಚುವರಿ’ ಎಂದು ಬರೆದುಕೊಂಡು, ಕೂರಲು ಕುರ್ಚಿ ಹುಡುಕತೊಡಗಿದರು. ಸಂಜೆ ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ನಗಲಿಲ್ಲ. ಕಾಫಿ ತಂದು ಕೈಗೆ ಕೊಟ್ಟು, ತಲೆ ಸವರಿ, ನಿಟ್ಟುಸಿರು ಬಿಟ್ಟಳು.

“ಊರೂರು ತಿರುಗಿ ಯಾರೂ ಹೆಚ್ಚಾಗದ ಹಾಗೆ ನೋಡ್ಕೊಂಡೆ ಕಣ್ರೀ. ಒಬ್ಬರು ಮಾತ್ರ ನಮ್ಮನೇಲೇ ಉಳಿದುಬಿಟ್ಟಿದ್ರು.”