ಅಪ್ಪನ ಕಾರಿನ ಉಸಿರು

ಮಾನ ಹೋಗುವ ಪ್ರಸಂಗ ಪರದೇಶದಲ್ಲಿ ನಡೆದರೆ ಚಿಂತೆಯಿಲ್ಲ. ಮರುದಿನ ಊರು ಬಿಟ್ಟರಾಯಿತು. ಎಷ್ಟೋ ದೇಶ ಸುತ್ತಿದ ನನಗೆ ಅಂಥವು ಕಾದು ಕೂತಿದ್ದು ಹುಬ್ಬಳ್ಳಿ-ಧಾರವಾಡದಲ್ಲಿ, ಓಣಿಗೊಬ್ಬರು ಪರಿಚಯದವರಿರುವ ಕಡೆ. ಎಲ್ಲಕ್ಕೂ ಕಾರಣ ಅಪ್ಪ ಬಿಟ್ಟುಹೋದ ಹಳೇ ಕಾರು. ಎಂಜಿನ್ನಿಗೆ ಪೆಟ್ರೋಲ್ ಎತ್ತಿಕೊಡುವ ಅದರ ಪಂಪಿಗೆ ಒಮ್ಮೆ ಕರೆಂಟು ಮುಟ್ಟುತ್ತಿತ್ತು, ಒಮ್ಮೆ ಇಲ್ಲ. ನಾನು ಮಾರಲೊಲ್ಲೆ. ನನ್ನ ಜೊತೆಗಿರುವ ದೊಡ್ಡವ್ವ ಕಡೇ ಮಾತು ಹೇಳಿಬಿಟ್ಟಳು: "ದಸರಾದಾಗ ಖಂಡೇ ಪೂಜಿ ದಿನ ಇದು ನಮ್ಮನ್ನ ನನ್ನ ತವರಮನಿ ಹೆಬ್ಬಳ್ಳಿಗೆ ಮುಟ್ಟಿಸಿದ್ರ ಇರ್ಲಿ. ಇಲ್ಲಂದ್ರ ಗುಜರಿಗೆ ಹಾಕು."

ಉಸಿರು

ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಕಾರು ನಿಂತಿತು. ಕಾರು ರಿಪೇರಿ ಮಾಡುವ ಮಿಸ್ತ್ರಿ ಚಾಚಾ ಫೋನಿನಲ್ಲಿ ಹೇಳಿದರು: "ಪಂಪು ಹಿಂದಿನ ಸೀಟಿನ ಕೆಳಗ ಐತ್ರಿ ಅಕ್ಕಾರ. ಚಾವಿ ತಿರುವಿದಾಗ ಗುಂಯ್ ಅಂತೈತೇನು, ಕಿವಿ ಹಚ್ಚಿ ಕೇಳ್ರಿ."

ದೊಡ್ಡವ್ವನ ಕೈಗೆ ಚಾವಿ ಕೊಟ್ಟು, ನಾನು ಅರ್ಧ ಒಳಗೆ, ಅರ್ಧ ಬೀದಿಯಲ್ಲಿ, ಸೀಟಿಗೆ ಕಿವಿ ಹಚ್ಚಿ ಬೋರಲು ಬಿದ್ದೆ. ಬೆನ್ನ ಹಿಂದೆ ಜನ ಸೇರಿದ್ದು ತಿಳಿಯಲಿಲ್ಲ.

"ಉಸಿರು ಐತೇನ್ರೀ?" ಯಾರೋ ಹಿರಿಯರು ಮೆಲ್ಲಗೆ ಕೇಳಿದರು.

"ಇಲ್ಲರಿ. ಏನೂ ಕೇಳವಲ್ದು."

ಒಬ್ಬರು "ಯಾ ಅಲ್ಲಾ" ಎಂದರು, ಇನ್ನೊಬ್ಬರು "ಶಿವಾ" ಎಂದರು. ಸೀಟಿನ ಮೇಲೆ ಯಾರೋ ಬಿದ್ದಿದ್ದಾರೆಂದು ಬಗೆದು ಅವರೇ ಕರೆಸಿದ ಆಂಬುಲೆನ್ಸ್ ಅಷ್ಟರಲ್ಲಿ ಬಂತು. ಉಸಿರು ನಿಂತಿದ್ದು ಪಂಪಿನದು ಎಂದರೆ ಮಾನ ಉಳಿಯುತ್ತಿರಲಿಲ್ಲ. ದೊಡ್ಡವ್ವನನ್ನೇ ಮುಂದೆ ಮಾಡಿ ಬಿಪಿ ನೋಡಿಸಿದೆ. ಆಕೆಯದು ಸರಿ ಇತ್ತು. ಏರಿದ್ದು ನನ್ನದು.

ಹಾರ್ನು

ಪಂಪಿಗೆ ಕರೆಂಟು ಬಿಡುವ ರಿಲೇ ಎಂಬ ಪುಟ್ಟ ಡಬ್ಬಿ ಕೆಟ್ಟಿರಬೇಕು, ಹಾರ್ನಿನದೂ ಅಂಥದೇ, ಅದನ್ನು ಕಿತ್ತು ಇಲ್ಲಿ ಹಾಕಿ ನೋಡ್ರಿ ಎಂದರು ಚಾಚಾ. ಹಾಕಿದೆ. ಕಾರು ಹೊರಟಿತು. ಹಾರ್ನು ಮಾತ್ರ ಇಲ್ಲ.

ಹುಬ್ಬಳ್ಳಿಯಲ್ಲಿ ಹಾರ್ನಿಲ್ಲದೆ ಗಾಡಿ ಓಡಿಸುವುದುಂಟೇ? ದೊಡ್ಡವ್ವ ಕಿಟಕಿಯಿಂದ ಅರ್ಧ ಹೊರಗೆ ಬಂದಳು. "ಏ ಎಮ್ಮಿ ಹೊಡಿಯಾಂವಾ, ಸರಿ! ಏ ಫಟಫಟಿ, ಬಾಜೂ ಹೋಗೋ! ಹೆಂಡ್ತಿ ಜೋಡಿ ಮಾತು ಮನ್ಯಾಗ ಆಡೋ!" ನಾನು ಕಪ್ಪು ಕನ್ನಡಕ ಹಾಕಿಕೊಂಡು ಅಪರಿಚಿತಳಂತೆ ಓಡಿಸಿದೆ.

ಟ್ರಾಫಿಕ್ ಪೊಲೀಸ್ ಕೈ ಅಡ್ಡ ಹಿಡಿದು ಬಗ್ಗಿ ನೋಡಿದರು. "ಅಕ್ಕಾರ, ಈ ಅವ್ವಾರನ್ನ ಸ್ವಲ್ಪ ಬಂದ್ ಮಾಡ್ರಿ. ದವಾಖಾನಿ ಮುಂದ ಹಾರ್ನ್ ಹೊಡಿಯಂಗಿಲ್ಲ."

ಖಂಡೇ ಪೂಜೆ

ಚಾಚಾ ಹೊಸ ರಿಲೇ ಕೂಡಿಸಿದರು. ಕಾರು ಕುದುರೆಯಂತಾಯಿತು. ಖಂಡೇ ಪೂಜೆಯ ದಿನ ದೊಡ್ಡವ್ವ ಗಾಲಿಗೆ ನಿಂಬೆಹಣ್ಣು ಇಡುವಾಗ, "ಕಾರು ಓಡೂದು ಕರೆಂಟಿನಿಂದ ದೊಡ್ಡವ್ವಾ, ನಿಂಬಿಹಣ್ಣಿನಿಂದಲ್ಲ" ಎಂದು ನಕ್ಕೆ. ಆಕೆ ಹೋಳಿಗೆ ಬುಟ್ಟಿ ಹಿಡಿದು ಹತ್ತಿದಳು. ಚಾವಿ ತಿರುವಿದೆ. ಗುಂಯ್ ಇಲ್ಲ.

ಚಾಚಾಗೆ ಫೋನ್ ಹಚ್ಚಿದೆ. "ಇವತ್ತು ಪಾನಾ-ಪಕ್ಕಡ ಎಲ್ಲಾ ರಿಪೇರಿ ಸಾಮಾನಿಗೂ ಪೂಜಾ ಆಗೇತ್ರಿ. ನನ್ನ ಪಾರ್ಟ್ನರ್ ಹಾರ ಹಾಕ್ಯಾನ. ನಾಳಿತನಾ ಮುಟ್ಟಿದ್ರ ನನ್ನ ಕೈ ಮುರಿತಾನ. ನೀವ ರಿಲೇ ಕಿತ್ತು ನೋಡ್ರಿ."

ನಾನು ಬಾನೆಟ್ ಎತ್ತಿ, ಕೈ ಹಾಕದೆ ನಿಂತೆ. ನೋಡುವುದು ಬೇಕಿರಲಿಲ್ಲ.

"ಏನ್ ನಿಂತೀದಿ? ತಗಿ!" ಎಂದು ದೊಡ್ಡವ್ವ ತಾನೇ ಕಿತ್ತಳು. ರಿಲೇಯ ತಾಮ್ರದ ಕಾಲುಗಳೆಲ್ಲ ಬೆಳ್ಳಗೆ, ಕರೆಂಟು ದಾಟದಷ್ಟು ದಪ್ಪಗೆ ಮೆತ್ತಿದ್ದವು. ಮೂಗಿಗೆ ಹಿಡಿದಳು. "ಇದು ವಿಭೂತಿ! ನನ್ನ ಡಬ್ಬಿದು! ನಾ ಇಲ್ಲಿ ಕೈ ಹಾಕಿಲ್ಲ. ಯಾರ ಹಚ್ಯಾರ?"

ಮನೆಯಲ್ಲಿ ಇರುವವರು ಇಬ್ಬರೇ.

"ಎಲ್ಲಿ ನಿಲ್ತದೋ, ಎಲ್ಲಿ ಗುಜರಿಗೆ ಹೋಗ್ತದೋ ಅಂತ ಅಂಜಿಕಿ ಆತು" ಎಂದೆ, ನೆಲ ನೋಡುತ್ತ. "ನೀ ಜಳಕಕ್ಕ ಹೋದಾಗ ಹಚ್ಚಿದೆ. ನೀರಾಗ ಕಲಸಿ."

ದೊಡ್ಡವ್ವ ಸೆರಗಿನಿಂದ ಒಂದೊಂದೇ ಕಾಲು ಒರೆಸಿ, ರಿಲೇ ನನ್ನ ಕೈಗಿಟ್ಟಳು. ಕೂಡಿಸಿ ಚಾವಿ ತಿರುವಿದೆ. ಗುಂಯ್!

ಹೆಬ್ಬಳ್ಳಿ ಬರುವವರೆಗೂ ಆಕೆ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ತಡೆದ ನಗುವಿಗೆ ಭುಜ ಕುಣಿಯುವುದು ಮಾತ್ರ ಕಾಣುತ್ತಿತ್ತು. ಇಳಿಯುವಾಗ ಹೇಳಿದಳು: "ದೇಶ ದೇಶ ಸುತ್ತಿದ್ರೂ ಬರದ ಭಕ್ತಿ ಈ ಗಾಡಿ ತಂದೈತಿ. ಇದನ್ನ ಮಾರಬ್ಯಾಡ. ಖರೇ ಒಂದ್ ಮಾತು, ವಿಭೂತಿ ಹಣಿಗೆ ಹಚ್ಚು, ಯವ್ವಾ. ಬಾಯಾಗ ತುರುಕಿದ್ರ ಯಾರಿಗಾದ್ರೂ ಉಸಿರು ಕಟ್ತೈತಿ."