ಜಗಲಿ ಏರಿದ ಡಯೋನೈಸಸ್

ನಮ್ಮ ಮನೆಯಲ್ಲಿ ದೇವರಿಗೆ ಸಿಗುವ ಮರ್ಯಾದೆಯ ಕಾಲುಭಾಗ ಗಂಡನಿಗೆ ಸಿಕ್ಕಿದ್ದರೂ ನಾನು ಈ ಸಾಹಸಕ್ಕೆ ಕೈಹಾಕುತ್ತಿರಲಿಲ್ಲ. ದೇವರಕೋಣೆಯ ಜಗಲಿಯ ಮೇಲಿನ ದೇವರುಗಳಿಗೆ ಇಂದು ಹೋಳಿಗೆ, ನಾಳೆ ಶಾವಿಗೆ ಪಾಯಸ. ನಾನು ಕೇಳಿದ್ದಾದರೂ ಏನು? ವಾರಕ್ಕೊಮ್ಮೆ, ನಮ್ಮದೇ ಮಾಳಿಗೆಯ ಮೇಲೆ ಕುರ್ಚಿ ಹಾಕಿಕೊಂಡು, ಒಂದೇ ಒಂದು ಗ್ಲಾಸು ದ್ರಾಕ್ಷಿಯ ವೈನು. (ಅದೂ ಹಣ್ಣಿನ ರಸವೇ ತಾನೆ!) ನನ್ನ ಧರ್ಮಪತ್ನಿ ಸುಮಂಗಲಾ ಹಂಪಿಯ ಉಗ್ರನರಸಿಂಹನೂ ಬೆಚ್ಚುವಂತೆ ಕಣ್ಣುಬಿಟ್ಟಳು.

"ಈ ಮನ್ಯಾಗ ಒಂದು ಬಾಟ್ಲಿ ಇರ್ಬೇಕು, ಇಲ್ಲಾ ನಾನು ಇರ್ಬೇಕು!"

ನಾನು ಉತ್ತರಿಸಲು ತುಸು ಯೋಚಿಸಿದೆ. ಅದೇ ದೊಡ್ಡ ತಪ್ಪಾಯಿತು. ಅಂದು ರಾತ್ರಿ ಊಟ ನನ್ನ ಪಾಲಿಗೆ ಬರೀ ಮಜ್ಜಿಗೆ.

ನಮ್ಮದು ಹಂಪಿ ಪಕ್ಕದ ಕಡ್ಡಿರಾಂಪುರದಲ್ಲಿ ಪುಟ್ಟ ಹೋಂಸ್ಟೇ. ಅಡುಗೆ, ಆಡಳಿತ ಸುಮಂಗಲಾಳದು. ಆಶೀರ್ವಾದ ನಮ್ಮ ಅವ್ವ ಹಂಪಕ್ಕನದು. ಇಂಗ್ಲಿಷು ಮಾತ್ರ ನನ್ನದು. ಗ್ರೀಸ್ ದೇಶದ ಎಲೆನಿ ಎಂಬ ಟೀಚರಮ್ಮ ಬಂದು ಇಳಿದಿದ್ದರು. ಬಾದಾಮಿ ನೋಡಿ ಬರುತ್ತೇನೆಂದು ಹೊರಟಾಗ, ಸುಮಂಗಲಾಳ ರೊಟ್ಟಿಗೆ ಮೆಚ್ಚಿ ಅವಳ ಕೈಗೊಂದು ಪುಟ್ಟ ಮೂರ್ತಿ ಕೊಟ್ಟರು. ಗುಂಗುರು ಕೂದಲು, ಕೈಯಲ್ಲಿ ದ್ರಾಕ್ಷಿಯ ಗೊಂಚಲು. "ಇವನು ಡಯೋನೈಸಸ್, ನಮ್ಮ ವೈನಿನ ದೇವರು" ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿ ಆಟೋ ಹತ್ತಿದರು. ನನ್ನ ಮೈಯೆಲ್ಲ ರೋಮಾಂಚನ!

ಸುಮಂಗಲಾ ಅಷ್ಟರಲ್ಲೇ ಮೂರ್ತಿಯನ್ನು ತೊಳೆದು, ವಿಭೂತಿ ಬಳಿದು, ಜಗಲಿಯ ಮೇಲೆ ಕೂರಿಸಿಬಿಟ್ಟಿದ್ದಳು. ಜಗಲಿ ಏರಿದ ದೇವರಿಗೆ ನೈವೇದ್ಯ ತಪ್ಪಬಾರದು ಎಂಬುದು ನಮ್ಮ ಮನೆಯ ಸಂವಿಧಾನ.

"ಇವ್ರಿಗೆ ಏನು ಎಡಿ ಹಿಡೀಬೇಕಂತ್ರಿ?"

ನಾನು ಮುಖವನ್ನು ಆದಷ್ಟು ಬಾಡಿಸಿಕೊಂಡೆ. "ಹೇಳಾಕ ಬಾಯಿ ಬರವಲ್ದು. ವೈನಂತ."

"ಅಯ್ಯ ಶಿವನೇ!"

"ನಂಗೂ ಹೇಸಿಗಿನ. ಆದ್ರ ಅದು ಬಿಟ್ಟು ಬ್ಯಾರೆ ಏನೂ ಮುಟ್ಟಂಗಿಲ್ಲಂತ. ಆಮ್ಯಾಲೆ ಪ್ರಸಾದ ಚೆಲ್ಲಂಗಿಲ್ಲ, ಮನಿ ಯಜಮಾನನ ಕುಡೀಬೇಕಂತ. ಏನ್ ಮಾಡೋದು, ಕಣ್ಣು ಮುಚ್ಕೊಂಡು ಕುಡೀತೀನಿ."

ಅವಳು ಜಗಲಿಯ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದಳು. "ತರ್ರಿ ಹಂಗಾದ್ರ. ಮನಿಗೆ ಬಂದ ದ್ಯಾವ್ರನ್ನ ಉಪಾಸ ಕೆಡವೋ ಪಾಪ ನಂಗ ಬ್ಯಾಡ."

ಶುಕ್ರವಾರ ಹೊಸಪೇಟೆಯಿಂದ ಬಾಟಲಿ ತಂದೆ. ಕದ್ದುಮುಚ್ಚಿ ಅಲ್ಲ, ಗಂಗಾಜಲ ತರುವವನ ಹಾಗೆ ಎರಡೂ ಕೈಯಲ್ಲಿ ಹಿಡಿದು! ಸುಮಂಗಲಾ ಅದನ್ನು ಬೆಳ್ಳಿ ತಂಬಿಗೆಗೆ ಸುರಿದು, ಗಂಟೆ ಬಾರಿಸಿ, ಎಡೆ ಹಿಡಿದಳು. ನಾನು ಭಕ್ತಿಯಿಂದ ತಂಬಿಗೆಗೆ ಕೈಚಾಚಿದೆ. ಅದೇ ಹೊತ್ತಿಗೆ ಎಲೆನಿ ಬಾದಾಮಿಯಿಂದ ವಾಪಸು ಬಂದರು.

ತಮ್ಮ ದೇವರ ಹಣೆಯ ಮೇಲೆ ವಿಭೂತಿ ಕಂಡು ಆ ಟೀಚರಮ್ಮನ ಕಣ್ಣು ತುಂಬಿ ಬಂತು. ಅನುವಾದಕ್ಕೆ ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಸುಮಂಗಲಾ ತನ್ನ ಮೊಬೈಲನ್ನೇ ಅವರ ಮುಂದೆ ಹಿಡಿದಳು. (ಮಾತು ತಿರುಗಿಸುವ ವಿದ್ಯೆ ಈಗ ಮೊಬೈಲಿಗೂ ಬರುತ್ತದೆ. ನನಗೆ ಯಾರೂ ಹೇಳಿರಲಿಲ್ಲ.)

"ನಿಮ್ಮೂರಾಗ ಇವ್ರ ಪೂಜಾ ಹೆಂಗ ಮಾಡ್ತಾರ್ರಿ?"

ಎಲೆನಿ ಉತ್ಸಾಹದಿಂದ ವಿವರಿಸಿದರು. ಮೊಬೈಲು ಶುದ್ಧ ಗ್ರಾಂಥಿಕ ಕನ್ನಡದಲ್ಲಿ ನುಡಿಯಿತು: "ಪುರಾಣದಲ್ಲಿ ಈ ದೇವರ ಪೂಜೆಯನ್ನು ಮಹಿಳೆಯರು ಮಾಡುತ್ತಿದ್ದರು. ವೈನ್ ಕುಡಿದು ಕುಣಿಯುತ್ತಿದ್ದರು. ಕದ್ದು ನೋಡಿದ ಅರಸನನ್ನು ಅವನ ತಾಯಿಯೇ ಹರಿದು ಚೂರು ಮಾಡಿದಳು. ಧನ್ಯವಾದಗಳು."

"ಕೇಳಿದ್ರಿಲ್ಲ? ಹೊರಗ ನಡೀರಿ."

"ಅಲ್ಲ, ಪ್ರಸಾದ..."

"ಒಳಗ ನಿಮ್ಮವ್ವ ಕುಂತಾಳ. ಹರಿಸ್ಕೊಳ್ಳೋ ಆಸಿ ಐತೇನು?"

ಪಕ್ಕದ ಮನೆಯ ತಾಯಕ್ಕನಿಗೂ ಕರೆ ಹೋಯಿತು. ಬಾಗಿಲು ಮುಚ್ಚಿತು. ನಾನು ಕಟ್ಟೆಯ ಮೇಲೆ ಒಣ ಗಂಟಲಿನಲ್ಲಿ ಕುಳಿತೆ. ಮೊದಲು ಸಭ್ಯವಾದ ಆರತಿ ಹಾಡು ಕೇಳಿಸಿತು. ಆಮೇಲೆ ಹಾಡಿಗೆ ವೇಗ ಬಂತು, ಚಪ್ಪಾಳೆ ಬಂತು, ನಗು ಬಂತು. ಮೊಣಕಾಲು ನೋವೆಂದು ಮೆಟ್ಟಿಲು ಹತ್ತದ ನಮ್ಮವ್ವ ಧಡ್ ಧಡ್ ಎಂದು ಕುಣಿಯುತ್ತಿದ್ದಳು! ನನ್ನ ಪಾಲಿನದು ತಳದಲ್ಲಾದರೂ ಉಳಿದಿದೆಯೋ ಇಲ್ಲವೋ ಎಂಬ ಸಂಕಟ ತಡೆಯದೆ ಕಿಟಕಿ ಸಂದಿಗೆ ಕಣ್ಣಿಟ್ಟೆ.

"ಯಾರಲೇ ಅಂವ, ಇಣುಕೋನು?"

ಬಾಗಿಲು ತೆರೆಯಿತು. ಕೂದಲು ಬಿಚ್ಚಿಕೊಂಡು, ಕೆಂಗಣ್ಣಿನ ಅವ್ವ! ಮೈಮೇಲೆ ದೇವರು ಬಂದಿತ್ತು. ಬಂದದ್ದೇ ನನ್ನ ಅಂಗಿಯನ್ನು ಹಿಡಿದೆಳೆಯಿತು. ಅಂಗಿ ಚರ್ರೆಂದು ಎರಡಾಯಿತು.

"ಯವ್ವಾ, ನಾನಬೇ, ನಿನ್ನ ಮಗ ಹಾಲೇಶ!"

"ಹಾಲೇಶ ಆಗ್ಲಿ, ಯಾರ ಆಗ್ಲಿ! ಇನ್ನ ಈ ತೀರ್ಥ ಮುಟ್ಟಂಗಿಲ್ಲಂತ ಆಣಿ ಮಾಡ್ಲೇ!"

ಸುಮಂಗಲಾ ಕರ್ಪೂರದ ತಟ್ಟೆ ಹಿಡಿದು ಸಿದ್ಧವಾಗಿ ನಿಂತಿದ್ದಳು. ಉರಿಯುವ ಕರ್ಪೂರದ ಮೇಲೆ ಕೈಯಿಟ್ಟು ಆಣೆ ಮಾಡಿದೆ. ಇನ್ನು ಮನೆಯಲ್ಲಿ ಮಾತ್ರವಲ್ಲ, ಹೊಸಪೇಟೆಯಲ್ಲೂ ಕುಡಿಯುವಂತಿಲ್ಲ; ಮುಗಿಯಿತು ನನ್ನ ಕಥೆ. ಅಳುವೇ ಬಂತು.

ದೇವರು ಸ್ವಲ್ಪ ತಣ್ಣಗಾಗಿ, ತೂರಾಡುತ್ತ ಅಭಯಹಸ್ತ ಎತ್ತಿತು. "ಅಳಬ್ಯಾಡ. ತರೋ ಸೇವಾ ನಿಂದ. ಮುಂದಿನ ಶುಕ್ರಾರ ದೊಡ್ಡ ಬಾಟ್ಲಿ ತಗೊಂಡ್ ಬಾ. ಜೊತಿಗೆ ಬಿಸಿ ಮಿರ್ಚಿ ಭಜಿ!"

ಗ್ರೀಸ್ ದೇಶದ ದೇವರಿಗೆ ನಮ್ಮ ಮಿರ್ಚಿಯ ರುಚಿ ಹೇಗೆ ಗೊತ್ತು ಎಂದು ಕೇಳುವ ಧೈರ್ಯ, ಅಂಗಿಯಿಲ್ಲದೆ ನಿಂತ ನನಗೆ ಬರಲಿಲ್ಲ.