ಒಂದು ಕಲ್ಲಿನ ಫೋಟೋಕ್ಕೆ ಮೂರು ಸಲ

ಫೋಟೋಗ್ರಾಫರನಿಗೆ ಜನ ಕಾಟ ಕೊಡುವುದು ಇದ್ದದ್ದೇ. ನನಗೆ ಒಂದು ಕಲ್ಲೂ ಕಾಟ ಕೊಟ್ಟಿತು.

ಎಪ್ಪತ್ತರ ದಶಕದಲ್ಲಿ ನಾನು ದಾದರಿನ ಒಂದು ಸ್ಟುಡಿಯೋದಲ್ಲಿದ್ದೆ. ಮಾಲೀಕರನ್ನು ಸೇಠ್‌ಜೀ ಎನ್ನುತ್ತಿದ್ದೆವು. ಮಲಾಡಿನ ಮನೆಯಲ್ಲಿದ್ದ ಅವರ ತಾಯಿಯನ್ನು ಎಲ್ಲರೂ ಮಾಜೀ ಅಂತಲೇ ಕರೆಯುತ್ತಿದ್ದರು. ಆಕೆ ರಾಜಸ್ಥಾನದ ಮರಳುಗಾಡಿನ ಹಳ್ಳಿಯವರು. ಮದುವೆಯಾಗಿ ಹೊರಟ ಮೇಲೆ ತವರನ್ನು ಕಂಡಿರಲಿಲ್ಲ. ಊರ ಹೊರಗೆ ಮಲಗಿದ ಒಂಟೆಯಂಥ ಬಂಡೆ ಇದೆಯಂತೆ. "ಕಣ್ಣು ಪೂರ್ತಿ ಹೋಗುವ ಮೊದಲು ಅದನ್ನೊಮ್ಮೆ ನೋಡಬೇಕು" ಎಂದು ಹಟ ಹಿಡಿದಿದ್ದರು. ಸೇಠ್‌ಜೀ ನನ್ನನ್ನು ಕರೆದು, "ಒಂದೇ ಫೋಟೋ. ಹೋಗಿ ಬಂದುಬಿಡು" ಎಂದರು, ಪಕ್ಕದ ವಡಾಲಕ್ಕೆ ಕಳಿಸಿದ ಹಾಗೆ.

ಎಡಗೈ

ಎರಡು ರೈಲು, ಒಂದು ಬಸ್ಸು, ಕೊನೆಗೆ ಒಂಟೆ. ಇಳಿದಾಗ ಸೊಂಟ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡೆ. ಬಂಡೆಯ ನೆರಳಲ್ಲಿ ಒಂಟೆಯವನು ರೊಟ್ಟಿ ತಿನ್ನುತ್ತ ಕೂತ. ಅವನನ್ನು ಏಳಿಸಲು ನನಗೆ ತ್ರಾಣವಿರಲಿಲ್ಲ, ಹಾಗೇ ಕ್ಲಿಕ್ ಮಾಡಿದೆ.

ಮಾಜೀ ಫೋಟೋವನ್ನು ಕಿಟಕಿಗೆ ಹಿಡಿದು, "ನಮ್ಮ ಒಂಟೆಯ ತಲೆ ಎಡಕ್ಕಿದೆ. ಇದರದ್ದು ಬಲಕ್ಕಿದೆಯಲ್ಲ" ಎಂದರು. ನಾನು ಆಚೆ ಬದಿಯಿಂದ ತೆಗೆದಿದ್ದೆ. ಮತ್ತೆ ಹೋಗುವುದು ಯಾರಿಂದಾಗುತ್ತದೆ? ಡಾರ್ಕ್‌ರೂಮಿನಲ್ಲಿ ನೆಗೆಟಿವನ್ನೇ ಮಗುಚಿ ಹಾಕಿ ಇನ್ನೊಂದು ಪ್ರಿಂಟ್ ತೆಗೆದೆ. ತಲೆ ಎಡಕ್ಕೆ ಬಂತು.

ಮಾಜೀ ಬಹಳ ಹೊತ್ತು ನೋಡಿದರು. "ಬಂಡೆ ಸರಿ ಬೇಟಾ. ನಮ್ಮೂರಲ್ಲಿ ಎಡಗೈಲಿ ಉಣ್ಣುವ ಈ ಹೊಲಸು ಮನುಷ್ಯ ಯಾರು?"

ಅತ್ತಿಗೆ

ಎರಡನೇ ಸಲ ಹೋದಾಗ ಫೋಟೋದವನು ಬಂದ ಸುದ್ದಿ ಹಬ್ಬಿತ್ತು. ಇಡೀ ಊರು ಪೇಟ ಸುತ್ತಿಕೊಂಡು, ಬೆಳ್ಳಿ ಹೇರಿಕೊಂಡು ಬಂಡೆಯ ಮುಂದೆ ನಿಂತುಬಿಟ್ಟಿತು. "ಸ್ವಲ್ಪ ಸರೀರಿ" ಎಂದರೆ ಎಲ್ಲರೂ ಇನ್ನಷ್ಟು ಹತ್ತಿರ ಸರಿದರು. ಪ್ರಿಂಟಿನಲ್ಲಿ ಒಂಟೆಯ ಡುಬ್ಬವಷ್ಟೇ ಕಾಣುತ್ತಿತ್ತು.

ಸೇಠ್‌ಜೀ ಹಣೆ ಬಡಿದುಕೊಂಡರು. ಮಾಜೀ ಮಾತ್ರ ಒಂದೊಂದೇ ಮುಖದ ಮೇಲೆ ಬೆರಳಾಡಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡರು. ಅಬ್ಬಾ, ಕೆಲಸ ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಬೆರಳು ಒಬ್ಬ ಮುದುಕಿಯ ಮೇಲೆ ನಿಂತಿತು.

"ಇವಳು ನನ್ನ ಅತ್ತಿಗೆ! ನನ್ನ ಮೂಗುತಿ ಇಟ್ಟುಕೊಂಡವಳು! ಇವಳನ್ನು ತೆಗೆದು ಇನ್ನೊಂದು ಫೋಟೋ ತಾ."

ಹೆಂಡತಿಯ ಸಲಹೆ

ವಡಾಲದ ನಮ್ಮ ಚಾಳಿನಲ್ಲಿ ಪಕ್ಕದ ಮನೆಯಾಕೆ, ಕಲ್ಲಿಗಾಗಿ ಯಾವ ಗಂಡಸೂ ಮೂರು ಸಲ ಹೋಗುವುದಿಲ್ಲವೆಂದು ನನ್ನ ಹೆಂಡತಿಯ ಕಿವಿ ಕಚ್ಚಿದ್ದಳು. ನಾನು ಫೋಟೋ ತೋರಿಸಿದೆ. ಹೆಂಡತಿ ತಿರುಗಿಸಿ ಮುರುಗಿಸಿ ನೋಡಿದಳು.

"ಇದಕ್ಯಾಕ ಅಷ್ಟು ದೂರ ಹೋಗ್ತೀರಿ? ನಮ್ಮ ಬಾದಾಮ್ಯಾಗ ಇಂಥವು ರಗಡ ಅದಾವ. ಅಲ್ಲೇ ಒಂದು ತಗೊಂಡು ಬರ್ರಿ."

ದೇವರಾಣೆ, ಒಂದು ದಿನವೆಲ್ಲ ಯೋಚಿಸಿದೆ.

"ಹೋದವ್ರು ನಮ್ಮವ್ವನ್ನೂ ಕರಕೊಂಡು ಬರ್ರಿ," ಎಂದಳು. "ಎರಡು ತಿಂಗಳು ಇಲ್ಲೇ ಇರ್ಲಿ."

ನಮ್ಮದು ಒಂದೇ ಖೋಲಿಯ ಮನೆ. ಮರುದಿನವೇ ರಾಜಸ್ಥಾನದ ರೈಲು ಹತ್ತಿದೆ.

ದಾರಿ

ಈ ಸಲ ಸರಿಯಾದ ಬದಿ, ಸರಿಯಾದ ಬೆಳಕು, ಒಂದು ನರಪಿಳ್ಳೆಯೂ ಇಲ್ಲ. ದೊಡ್ಡ ಪ್ರಿಂಟ್ ಮಾಡಿ ಮಲಾಡಿಗೆ ಒಯ್ದೆ. ಮಾಜೀ ಅದನ್ನು ಮಡಿಲಲ್ಲಿಟ್ಟುಕೊಂಡು ಒಂಟೆಯ ತಲೆಯಿಂದ ಬಾಲದವರೆಗೆ ಬೆರಳಾಡಿಸಿದರು. ಕೊನೆಗೆ, "ಇದೇ," ಎಂದರು. ಸೇಠ್‌ಜೀ ಉಸಿರು ಬಿಟ್ಟರು. ನಾನೂ ಬಿಟ್ಟೆ.

"ಹೇಗೆ ಹೋದೆ ಬೇಟಾ? ನಡೆದೇ ಹೋದೆಯಾ?"

"ಇಲ್ಲ ಮಾಜೀ. ರೈಲಿದೆ, ಆಮೇಲೆ ಬಸ್ಸಿದೆ."

"ಬಸ್ಸಿದೆಯಾ?"

"ದಿನಾ ಇದೆ."

ಸೇಠ್‌ಜೀ ನನಗೆ ಕಣ್ಸನ್ನೆ ಮಾಡುತ್ತಿದ್ದರು. ದಣಿದವನಿಗೆ ಅದು ಅರ್ಥವಾಗಲಿಲ್ಲ. ಮಾಜೀ ನಿಧಾನಕ್ಕೆ ಮಗನ ಕಡೆ ತಿರುಗಿದರು.

"ಆ ಊರಿಗೆ ದಾರಿಯೇ ಇಲ್ಲ ಅಂತ ಮೂವತ್ತು ವರ್ಷದಿಂದ ಹೇಳುತ್ತಿದ್ದೀಯಲ್ಲೋ!"

ಐವತ್ತು ದಾಟಿದ ಸೇಠ್‌ಜೀ ಬೈಸಿಕೊಂಡ ಶಾಲೆಯ ಹುಡುಗನಂತೆ ಗೋಡೆ ನೋಡುತ್ತ ನಿಂತರು. ಮಾಜೀ ಆಗಲೇ ಎದ್ದು ಪೆಟ್ಟಿಗೆ ಎಳೆಯುತ್ತಿದ್ದರು. ಯಾರೋ ಕೊನೆಗೂ ತವರಿಗೆ ಹೊರಟರಲ್ಲ ಎಂದು ನನಗೂ ಖುಷಿಯಾಯಿತು. ಚಪ್ಪಲಿ ಮೆಟ್ಟಿ ಮೆಲ್ಲಗೆ ಬಾಗಿಲ ಕಡೆ ಜಾರಿದೆ.

"ಅವನನ್ನು ಹಿಡಿಯೋ!" ಒಳಗಿನಿಂದ ಮಾಜೀ ಕೂಗಿದರು. "ದಾರಿ ಗೊತ್ತಿರುವವನು ಅವನೊಬ್ಬನೇ!"